ಬೈಲಿನಲ್ಲಿ ಮನೆ ಕಟ್ಟುತ್ತೀರಾ? ಮೊದಲು ನೀರಿನ ಗೆರೆ ಹುಡುಕಿ

2020ರ ಸೆಪ್ಟೆಂಬರ್ 20, ಭಾನುವಾರ. ರಾತ್ರಿಯಿಡೀ ಸುರಿದ ಮಳೆಗೆ ಉಡುಪಿಯ ಕಲ್ಸಂಕ, ಬೈಲಕೆರೆ ಕಡೆಯವರು ಎದ್ದು ನೋಡುವಾಗ ಮನೆಯೊಳಗೆ ನೀರು. ಸ್ವರ್ಣಾ ನದಿಯ ಹತ್ತಿರದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಫ್ರಿಜ್ ಅಡುಗೆಕೋಣೆಯಿಂದ ತೇಲಿಕೊಂಡು ಚಾವಡಿಗೆ ಬಂದಿತ್ತು. ಮನೆ ಕಟ್ಟಿ ಹತ್ತು ವರ್ಷವೂ ಆಗಿರಲಿಲ್ಲ. ಪಕ್ಕದಲ್ಲೇ ಒಂದು ಹಳೆಯ ಹೆಂಚಿನ ಮನೆ ಇದೆ. ಅಲ್ಲಿ ನೀರು ಜಗಲಿಯ ಮೂರನೇ ಮೆಟ್ಟಿಲಿಗೆ ಬಂದು ನಿಂತಿತ್ತು. ಒಳಗೆ ಅವರು ಚಹಾ ಮಾಡಿಕೊಂಡು ಕುಡಿದರು.

ಅದೇ ಬೈಲು, ಅದೇ ನೀರು. ವ್ಯತ್ಯಾಸ ಇದ್ದದ್ದು ಪಂಚಾಂಗದ, ಅಂದರೆ ಮನೆಗೆ ನೆಲದಿಂದ ಎತ್ತರಿಸಿ ಕಟ್ಟುವ ಅಡಿಗಟ್ಟಿನ, ಎತ್ತರದಲ್ಲಿ. ಹಳೆ ಮನೆ ಕಟ್ಟಿದವರು ನೀರು ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿ ಪಂಚಾಂಗ ಹಾಕಿದ್ದರು. ನಮ್ಮವರು ರಸ್ತೆ ನೋಡಿ ಹಾಕಿದ್ದರು.

ಜಾಗದ ಹೆಸರು ಕೇಳಿ

ನಮ್ಮ ಕಡೆ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ಬೈಲು ಎಲ್ಲಕ್ಕಿಂತ ತಗ್ಗು, ಮಜಲು ನಡುವಿನದು, ಬೆಟ್ಟು ಎತ್ತರದ್ದು. ಮೂರನೇ ಬೆಳೆ, ಅಂದರೆ ಕೊಳಕೆ ತೆಗೆಯುತ್ತಿದ್ದ ಗದ್ದೆಯಾದರೆ ಅದು ಬೇಸಿಗೆಯಲ್ಲೂ ನೀರು ಬಿಡದ ಜಾಗ. ಈಗ ಅದಕ್ಕೆ ಮಣ್ಣು ತುಂಬಿಸಿ, ಸೈಟ್ ಮಾಡಿ, ಮೇಲೊಂದು ಚಂದದ ಹೆಸರಿನ ಬೋರ್ಡ್ ಹಾಕಿರುತ್ತಾರೆ. ಬೋರ್ಡ್ ಬಿಡಿ. ಅಲ್ಲಿ ಹಿಂದೆ ಬೇಸಾಯ ಮಾಡುತ್ತಿದ್ದವರನ್ನು ಹುಡುಕಿ. ಎಷ್ಟು ಬೆಳೆ ಬರುತ್ತಿತ್ತು, ತೋಡು (ಸಣ್ಣ ಹಳ್ಳ) ಎಲ್ಲಿ ಹರಿಯುತ್ತಿತ್ತು ಎಂದು ಕೇಳಿ. ಸರ್ವೆ ನಕ್ಷೆಯಲ್ಲಿ ತೋಡು ಇದ್ದು ಜಾಗದಲ್ಲಿ ಕಾಣದಿದ್ದರೆ ಎಚ್ಚರ. ತೋಡು ಮುಚ್ಚಿದರೂ ನೀರಿಗೆ ದಾರಿ ಮರೆಯುವುದಿಲ್ಲ.

ಕುದ್ರು (ಹೊಳೆ ನಡುವಿನ ದ್ವೀಪ), ಹೊಳೆ ಬದಿ, ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರದ ಜಾಗವಾದರೆ ಸಮುದ್ರದ ಲೆಕ್ಕವನ್ನೂ ಸೇರಿಸಬೇಕು. ಘಟ್ಟದಿಂದ ಮಳೆನೀರು ಇಳಿಯುವ ಹೊತ್ತಿಗೇ ಸಮುದ್ರ ಉಬ್ಬರದಲ್ಲಿದ್ದರೆ ಹೊಳೆಗೆ ಹೊರಗೆ ಹೋಗಲು ಜಾಗ ಇರುವುದಿಲ್ಲ. ನೀರು ಹಿಂದಕ್ಕೆ ಒತ್ತಿಕೊಂಡು ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜಾಸ್ತಿ.

ನೀರಿನ ಗೆರೆಯನ್ನು ನಿಮ್ಮ ಜಾಗಕ್ಕೆ ತನ್ನಿ

ಇಡೀ ಕೆಲಸದಲ್ಲಿ ಇದು ಮುಖ್ಯ. ಖರ್ಚು ಏನೂ ಇಲ್ಲ, ಒಂದು ದಿನ ಓಡಾಡಬೇಕು ಅಷ್ಟೆ.

ಅಕ್ಕಪಕ್ಕದ ಹಳೆ ಮನೆ, ದೈವಸ್ಥಾನ, ಶಾಲೆ, ಅಂಗಡಿಗಳಿಗೆ ಹೋಗಿ. ‘ನೆರೆ ಬಂದಾಗ ನೀರು ಎಲ್ಲಿಯವರೆಗೆ ಬಂದಿತ್ತು, ಕೈ ಇಟ್ಟು ತೋರಿಸಿ’ ಎಂದು ಕೇಳಿ. ‘ಸೊಂಟದವರೆಗೆ’ ಎನ್ನುವ ಮಾತು ಸಾಲದು. ಯಾರ ಸೊಂಟ, ಎಲ್ಲಿ ನಿಂತಾಗ? ಗೋಡೆಯ ಮೇಲೆ, ಕಂಬದ ಮೇಲೆ ತೋರಿಸಬೇಕು. ಬಂಟ್ವಾಳ, ಪಾಣೆಮಂಗಳೂರಿನ ಕಡೆ ಹಿರಿಯರು 1974ರ ನೇತ್ರಾವತಿ ನೆರೆಯ ಗುರುತು ಹೇಳುತ್ತಾರೆ. ಅದಕ್ಕೂ ಹಿಂದಿನ 1923ರ ನೆರೆಗೆ ‘ಮಾರಿ ಬೊಳ್ಳ’ ಎಂಬ ಹೆಸರೇ ಬಿದ್ದಿದೆ, ತುಳುವಿನಲ್ಲಿ ಬೊಳ್ಳ ಅಂದರೆ ನೆರೆ. ಮಂಗಳೂರು ಪೇಟೆಯ ಒಳಗಾದರೆ 2018ರ ಮೇ 29ರ ಮಳೆಯನ್ನು ಕೇಳಿ. ಕೊಟ್ಟಾರ ಚೌಕಿಯ ಸುತ್ತ ಯಾರೂ ಅದನ್ನು ಮರೆತಿಲ್ಲ. ಕನಿಷ್ಠ ಮೂರು ಕಡೆ ಕೇಳಿ. ಎಲ್ಲಕ್ಕಿಂತ ಎತ್ತರದ ಗುರುತನ್ನು ಹಿಡಿಯಿರಿ.

ಆ ಗುರುತನ್ನು ನಿಮ್ಮ ಜಾಗಕ್ಕೆ ತರುವುದು ಹೇಗೆ? ಮೇಸ್ತ್ರಿಗಳ ಹತ್ತಿರ ಲೆವೆಲ್ ಪೈಪ್ ಇರುತ್ತದೆ, ಒಳಗಿನ ನೀರು ಕಾಣುವಂಥ ತೆಳು ಪೈಪ್. ಅದಕ್ಕೆ ನೀರು ತುಂಬಿಸಿ, ಒಳಗೆ ಗಾಳಿಗುಳ್ಳೆ ಇಲ್ಲ ಎಂದು ನೋಡಿಕೊಳ್ಳಿ. ಒಂದು ತುದಿಯ ನೀರನ್ನು ಹಳೆ ಗುರುತಿಗೆ ಹಿಡಿದರೆ ಇನ್ನೊಂದು ತುದಿಯಲ್ಲಿ ನೀರು ಅದೇ ಎತ್ತರಕ್ಕೆ ನಿಲ್ಲುತ್ತದೆ. ದೂರ ಜಾಸ್ತಿಯಾದರೆ ನಡುವೆ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಗುರುತು ದಾಟಿಸುತ್ತಾ ಬನ್ನಿ. ಅರ್ಧ ಕಿಲೋಮೀಟರ್ ದೂರವಿದ್ದರೆ ಸರ್ವೆಯವರನ್ನು ಕರೆಸುವುದೇ ಒಳ್ಳೆಯದು. ಕೊನೆಗೆ ನಿಮ್ಮ ಜಾಗದಲ್ಲಿ ಒಂದು ಗಟ್ಟಿ ಕಂಬ ನೆಟ್ಟು ಕೆಂಪು ಬಣ್ಣದ ಗೆರೆ ಎಳೆಯಿರಿ. ಮನೆ ಮುಗಿಯುವವರೆಗೆ ಅದನ್ನು ಯಾರೂ ಕೀಳಬಾರದು. ಮುಂದಿನ ಅಳತೆಗಳೆಲ್ಲ ಈ ಗೆರೆಯಿಂದಲೇ.

ಪಂಚಾಂಗ ಎಷ್ಟು ಎತ್ತರ?

ಸಾಮಾನ್ಯ ಜಾಗದಲ್ಲಿ ಪಂಚಾಂಗ ಸುತ್ತಲಿನ ನೆಲದಿಂದ ಕನಿಷ್ಠ 45 ಸೆಂಟಿಮೀಟರ್ ಎತ್ತರ ಇರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಒಂದೂವರೆ ಅಡಿ. ಬೈಲಿಗೆ ಇದು ಏನೂ ಅಲ್ಲ. ನೆರೆ ಪ್ರದೇಶಕ್ಕೆಂದೇ ಇರುವ ಮಾದರಿ ನಿಯಮ ಬೇರೆ. ಅದರಲ್ಲಿ ನೆರೆ ನೀರಿನ ಗೆರೆಯಿಂದ 60 ಸೆಂಟಿಮೀಟರ್, ಅಂದರೆ ಎರಡು ಅಡಿ ಮೇಲೆ ಪಂಚಾಂಗ ಇರಬೇಕು. ನೆಲದಿಂದ ಅಲ್ಲ, ಗೆರೆಯಿಂದ. ಇಂಜಿನಿಯರ್ ಹತ್ತಿರ ಮಾತಾಡುವಾಗ ಈ ಒಂದು ಮಾತನ್ನು ಬಿಡಬೇಡಿ.

‘ಅಂಥ ನೆರೆ ನೂರು ವರ್ಷಕ್ಕೊಮ್ಮೆ ಬರುವುದು, ನಾವು ಇರುತ್ತೇವಾ?’ ಎಂದು ಕೇಳುವವರಿದ್ದಾರೆ. ನೂರು ವರ್ಷದ ನೆರೆ ಅಂದರೆ ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ನೂರಕ್ಕೆ ಒಂದು. 30 ವರ್ಷದ ಲೆಕ್ಕ ಹಾಕಿದರೆ ಒಮ್ಮೆಯಾದರೂ ಬರುವ ಸಾಧ್ಯತೆ ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು. 25 ವರ್ಷದ ನೆರೆಯಾದರೆ ಅದೇ 30 ವರ್ಷದಲ್ಲಿ ನೂರಕ್ಕೆ ಎಪ್ಪತ್ತು! ಮನೆ ಸಾಲ ತೀರುವುದರೊಳಗೆ ನೆರೆಯೂ ಒಮ್ಮೆ ಬಂದು ಹೋಗಿರಬಹುದು.

ಮಣ್ಣು ತುಂಬಿಸುವುದೋ, ಕಂಬದ ಮೇಲೆ ಕಟ್ಟುವುದೋ?

ಎಲ್ಲರೂ ಮಾಡುವುದು ಮೊದಲನೆಯದು. ಗುಡ್ಡೆಯ ಕೆಂಪು ಮಣ್ಣು ತಂದು ಲಾರಿ ಲೆಕ್ಕದಲ್ಲಿ ಸುರಿಯುವುದು. ನನಗೆ ಇದು ಅಷ್ಟು ಇಷ್ಟವಿಲ್ಲ. ನಿಮ್ಮ 10 ಸೆಂಟ್ಸ್‌ನಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಮರುವರ್ಷ ಅವರೂ ತುಂಬಿಸುತ್ತಾರೆ. ಕೊನೆಗೆ ಯಾರು ತುಂಬಿಸಲಿಲ್ಲವೋ ಅವರ ಮನೆಯೇ ಊರಿನ ಕೆರೆ.

ತುಂಬಿಸಲೇಬೇಕು ಎಂದಾದರೆ ಒಂದೇ ಸಲ ಸುರಿಯಬೇಡಿ. ಆರೆಂಟು ಇಂಚಿನ ಪದರ ಹರಡಿ, ನೀರು ಹಾಕಿ, ರೋಲರ್ ಓಡಿಸಿ, ಆಮೇಲೆ ಮುಂದಿನ ಪದರ. ತೋಡಿನ ಕಡೆಗೆ ನೀರು ಹೋಗುವ ಕಣಿ ಬಿಡಿ. ಇನ್ನೊಂದು ಮಾತು: ಪಾಯ ತುಂಬಿಸಿದ ಮಣ್ಣಿನ ಮೇಲೆ ಕೂರಲೇಬಾರದು. ಅದನ್ನೂ ಕೆಳಗಿನ ಗದ್ದೆ ಕೆಸರನ್ನೂ ದಾಟಿ ಗಟ್ಟಿ ನೆಲಕ್ಕೆ ಇಳಿಯಬೇಕು. ಮಣ್ಣು ಪರೀಕ್ಷೆಗೆ ದುಡ್ಡು ಯಾಕೆ ಎಂದು ಕೇಳಬೇಡಿ. ಮೇಲೆ ಕೆಂಪಾಗಿ ಕಾಣುವ ಜಾಗದ ಕೆಳಗೆ ಬೆಣ್ಣೆಯಂಥ ಕಪ್ಪು ಜೇಡಿ ಇರಬಹುದು. ಆಗ ಪೈಲ್ (ಆಳಕ್ಕೆ ಇಳಿಸುವ ಕಂಬ) ಹಾಕಬೇಕೋ ರಾಫ್ಟ್ (ಮನೆಯಡಿ ಪೂರ್ತಿ ಹರಡುವ ಕಾಂಕ್ರೀಟ್ ಹಾಸು) ಹಾಕಬೇಕೋ ಎಂದು ಇಂಜಿನಿಯರ್ ಹೇಳಲಿ.

ಕಂಬದ ಮೇಲೆ ಕಟ್ಟಿದರೆ ನೀರಿಗೆ ಕೆಳಗಿನಿಂದ ಹೋಗಲು ದಾರಿ ಸಿಗುತ್ತದೆ. ಮಳೆಗಾಲ ಕಳೆದ ಮೇಲೆ ಆ ಜಾಗ ಕಾರಿಗೆ, ಕಟ್ಟಿಗೆಗೆ, ಅಡಿಕೆ ಒಣಗಿಸಲು. ಆದರೆ ಎರಡು ವರ್ಷದಲ್ಲಿ ಅದಕ್ಕೂ ಗೋಡೆ ಕಟ್ಟಿ ಬಾಡಿಗೆಗೆ ಕೊಡುವ ಆಸೆ ಬರುತ್ತದೆ. ಅದನ್ನು ತಡೆಯಬೇಕು. 2016ರ ಭೂಕಂಪ ಸಂಹಿತೆಯ ನಕ್ಷೆಯಲ್ಲಿ ಉಡುಪಿ, ಮಂಗಳೂರು ಮೂರನೇ ವಲಯದಲ್ಲಿವೆ, ಅಂದರೆ ಮಧ್ಯಮ ಅಪಾಯ. ಹಾಗಾಗಿ ಕಂಬ, ಬೀಮ್‌ಗಳ ಕಬ್ಬಿಣದ ಲೆಕ್ಕವನ್ನು ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ.

ಕಾಂಕ್ರೀಟ್, ಕಲ್ಲು, ಕಂಪೌಂಡ್

ಉಪ್ಪುಗಾಳಿ ನೇರ ಬೀಸುವ ಕರಾವಳಿಯ ಕಾಂಕ್ರೀಟ್‌ಗೆ ನಿಯಮ ಕೇಳುವುದು ಎಂ30 ದರ್ಜೆ (ಸಂಖ್ಯೆ ಹೆಚ್ಚಾದಷ್ಟೂ ಕಾಂಕ್ರೀಟ್ ಗಟ್ಟಿ). ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು. ಪಾಯಕ್ಕೆ 50. ಅಲ್ಲಿ ಎಂ20 ಹಾಕಿ, ಕಬ್ಬಿಣ ಹೊರಗೆ ಇಣುಕುವಂತೆ ಬಿಟ್ಟರೆ ಕೆಲವೇ ವರ್ಷದಲ್ಲಿ ತುಕ್ಕು ಹಿಡಿದು ಸಾರಣೆ ಉದುರುತ್ತದೆ. ಅಳಿವೆ ಕಡೆಯ ಉಪ್ಪು ಹೊಯಿಗೆ (ಮರಳು) ಬೇಡವೇ ಬೇಡ.

ಗೆರೆಯ ಕೆಳಗೆ ಕಗ್ಗಲ್ಲು ಕಟ್ಟಿ. ಕೆಂಪುಕಲ್ಲು ಏನಿದ್ದರೂ ಅದರ ಮೇಲೆ. ಕೆಂಪುಕಲ್ಲಿನಲ್ಲೂ ಬೇಕಾದಷ್ಟು ತರ ಇದೆ. ಒಂದು ಒಣ ಕಲ್ಲನ್ನು ತೂಗಿ, ಒಂದಿಡೀ ದಿನ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಿ. ತೂಕ ನೂರಕ್ಕೆ ಹನ್ನೆರಡಕ್ಕಿಂತ ಜಾಸ್ತಿ ಏರಿದರೆ ಆ ಲೋಡ್ ವಾಪಸ್ ಕಳಿಸಿ. ಪಂಚಾಂಗದ ಮೇಲೆ ಒಂದು, ಲಿಂಟಲ್ ಮಟ್ಟದಲ್ಲಿ ಒಂದು ಕಾಂಕ್ರೀಟ್ ಬೆಲ್ಟ್ ಮನೆ ಸುತ್ತ ಬರಲಿ.

ಕಂಪೌಂಡ್ ಗೋಡೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಒಂದು ಮೀಟರ್ ನೀರು ಒಂದೇ ಬದಿಯಲ್ಲಿ ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 500 ಕಿಲೋ ಒತ್ತಡ ಬೀಳುತ್ತದೆ. ಆರಿಂಚಿನ ಗೋಡೆ ತಡೆದೀತೇ? ಕೆಳಗೆ ಜಾಲರಿ ಇಟ್ಟ ಕಂಡಿ ಬಿಡಿ. ನೀರು ಎರಡೂ ಬದಿಗೆ ಸಮ ಆದರೆ ಗೋಡೆ ಉಳಿಯುತ್ತದೆ. ಜಾಲರಿಗೆ ಸಿಕ್ಕಿಕೊಳ್ಳುವ ತೆಂಗಿನ ಗರಿ, ಪ್ಲಾಸ್ಟಿಕ್ಕನ್ನು ಮಳೆಗಾಲದ ಮೊದಲು ತೆಗೆಯಬೇಕು.

ಕರೆಂಟು, ಬಾವಿ, ಕಕ್ಕಸು

ಮೀಟರ್ ಬೋರ್ಡ್, ಪ್ಲಗ್ ಪಾಯಿಂಟ್, ಇನ್ವರ್ಟರ್, ಪಂಪ್ ಸ್ವಿಚ್ ಎಲ್ಲವೂ ಗೆರೆಯಿಂದ ಮೇಲೆ. ವೈರಿಂಗ್ ಮೇಲಿನಿಂದ ಇಳಿದು ಬರಲಿ, ನೆಲದಿಂದ ಹತ್ತುವುದು ಬೇಡ. ಕೆಳಗಿನ ಅಂತಸ್ತಿಗೆ ಬೇರೆ ಸರ್ಕ್ಯೂಟ್, ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ನೀರು ಒಳಗೆ ಬರುವ ಮೊದಲೇ ಕೆಳಗಿನದನ್ನು ಮಾತ್ರ ಆಫ್ ಮಾಡಬಹುದು.

ನಮ್ಮಲ್ಲಿ ಮನೆಗೊಂದು ಬಾವಿ. ಕಟ್ಟೆ ನೆರೆ ಗೆರೆಗಿಂತ ಎತ್ತರ ಇರಬೇಕು, ಸುತ್ತ ಕಾಂಕ್ರೀಟ್ ನೆಲ ಹೊರಕ್ಕೆ ಇಳಿಜಾರಾಗಿ ಬರಬೇಕು. ಕಕ್ಕಸಿನ ಇಂಗುಗುಂಡಿಗೂ ಬಾವಿಗೂ 18 ಮೀಟರ್ ಅಂತರ ಬೇಕು. 5 ಸೆಂಟ್ಸ್ ಜಾಗದಲ್ಲಿ ಇದು ಸಿಗುವುದಿಲ್ಲ ಎಂದು ಗೊತ್ತು. ಆಗ ಬಾವಿ ನೀರನ್ನು ಕುಡಿಯಲು ಬಳಸದೆ ನಳ್ಳಿ ನೀರಿನ ಸಂಪರ್ಕ ತೆಗೆದುಕೊಳ್ಳಿ. ಬೈಲಿನಲ್ಲಿ ಜುಲೈ ತಿಂಗಳಲ್ಲಿ ಗುಂಡಿ ತೋಡಿದರೆ ಎರಡಡಿಗೇ ನೀರು ಸಿಗುತ್ತದೆ. ಅಲ್ಲಿ ಇಂಗುಗುಂಡಿ ಇಂಗುವುದಿಲ್ಲ, ಉಕ್ಕುತ್ತದೆ. ಪೂರ್ತಿ ಮುಚ್ಚಿದ ಟ್ಯಾಂಕ್ ಬೇಕು, ಗಾಳಿ ಪೈಪ್ ಗೆರೆ ದಾಟಿರಬೇಕು, ಲೈನಿಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಬೇಕು. ಇಲ್ಲದಿದ್ದರೆ ನೆರೆ ಬಾಗಿಲಿನಿಂದ ಬರುವ ಮೊದಲು ಕಮೋಡಿನಿಂದ ಬರುತ್ತದೆ. ಚಿಕ್ಕಮ್ಮನ ಮನೆಯಲ್ಲಿ ಆದದ್ದು ಅದೇ.

ನೆಲದೊಳಗಿನ 5,000 ಲೀಟರ್ ಸಂಪ್ ಖಾಲಿ ಇದ್ದಾಗ ಸುತ್ತಲಿನ ನೀರು ಅದನ್ನು ಸುಮಾರು 5 ಟನ್ ಬಲದಿಂದ ಮೇಲಕ್ಕೆ ಎತ್ತುತ್ತದೆ. ಮಳೆಗಾಲದಲ್ಲಿ ಸಂಪ್ ತುಂಬಿಯೇ ಇರಲಿ.

ಕಾಗದಪತ್ರ

ಭೂಪರಿವರ್ತನೆ, ಪಂಚಾಯತ್ ವ್ಯಾಪ್ತಿಯಾದರೆ 9/11 (ಆಸ್ತಿ ದಾಖಲೆಯ 9 ಮತ್ತು 11ನೇ ನಮೂನೆ), ಪೇಟೆಯಾದರೆ ನಗರಾಭಿವೃದ್ಧಿ ಪ್ರಾಧಿಕಾರ ಮತ್ತು ಪಾಲಿಕೆ ಅಥವಾ ನಗರಸಭೆಯ ಒಪ್ಪಿಗೆ ಬೇಕು. ಉಬ್ಬರದ ನೀರು ಬರುವ ಹೊಳೆಯ ಬದಿಯಾದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಝಡ್ ಕೂಡ ನೋಡಬೇಕು. 2019ರ ಅಧಿಸೂಚನೆಯ ಪ್ರಕಾರ ಅಂಥ ಹೊಳೆಗೆ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ವ್ಯಾಪ್ತಿ. ಅಡ್ವಾನ್ಸ್ ಕೊಡುವ ಮೊದಲೇ ವಿಚಾರಿಸಿ.

ಮೇಲೆ ಹತ್ತಲು ಮೆಟ್ಟಿಲು

ಅದೇ ಮಾದರಿ ನಿಯಮದಲ್ಲಿ ಇನ್ನೊಂದು ಮಾತಿದೆ. ಒಂದೇ ಅಂತಸ್ತಿನ ಮನೆಯಾದರೂ ಮಾಡಿಗೆ (ಛಾವಣಿಗೆ) ಹೋಗಲು ಮೆಟ್ಟಿಲು ಇರಲೇಬೇಕು. ಆ ಮಾಡು, ಇಲ್ಲವೇ ಎರಡಂತಸ್ತಿನ ಮನೆಯ ಮೊದಲ ಮಹಡಿ, ನೂರು ವರ್ಷದ ನೆರೆಗಿಂತ ಎತ್ತರ ಇರಬೇಕು. ಹೆಂಚಿನ ಮಾಡಿನ ಮೇಲೆ ಅಜ್ಜಿಯನ್ನು ಕೂರಿಸಲು ಆಗುವುದಿಲ್ಲ ಅಲ್ವಾ? ಹೆಂಚೇ ಬೇಕು ಎನ್ನುವವರು ಒಂದು ಕೋಣೆಗಾದರೂ ಸ್ಲ್ಯಾಬ್ ಹಾಕಿಸಿ. ಮೆಟ್ಟಿಲು ಮನೆಯ ಒಳಗಿನಿಂದಲೇ ಇರಲಿ, ಹೊರಗಿದ್ದರೆ ನೀರಿಗಿಳಿದು ಹೋಗಬೇಕಾಗುತ್ತದೆ. ಟೆರೇಸಿನ ಬಾಗಿಲಿನ ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡಲಿ. ಆ ಭಾನುವಾರ ಚಿಕ್ಕಮ್ಮ ಅದನ್ನು ಹುಡುಕಿದ್ದು ನೀರಿನಲ್ಲಿ ಮುಳುಗಿದ್ದ ಮೇಜಿನ ಡ್ರಾಯರ್‌ನಲ್ಲಿ.