ಕೂದಲಿಗೆ ನೆರಿಗೆ ಹಿಡಿಸಿದ ಕಥೆ

ನನ್ನ ಕೂದಲು ಸೊಂಟ ಮುಟ್ಟುತ್ತದೆ, ದಟ್ಟವಾಗಿಯೂ ಇದೆ, ಆದರೆ ದಾರದಂತೆ ನೆಟ್ಟಗೆ. ಅದರಲ್ಲಿ ಹೂವು ನಿಲ್ಲುವುದಿಲ್ಲ. ಮೊಳ ಮಲ್ಲಿಗೆ ಮುಡಿದು ಹೊರಟರೆ ಮದುವೆ ಮನೆ ಸೇರುವಷ್ಟರಲ್ಲಿ ಬೆನ್ನ ಮೇಲೆ ಜೋತಾಡುತ್ತಿರುತ್ತದೆ. ಕಳೆದ ಮೇ ತಿಂಗಳಲ್ಲಿ ಮಾನ್ವಿಯಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥವಿತ್ತು. ಪಾರ್ಲರಿನ ದುಡ್ಡು ಉಳಿಯಲಿ ಎಂದು ರಾಯಚೂರಿನ ನಮ್ಮ ಪಕ್ಕದ ಮನೆಯವರ ಕ್ರಿಂಪಿಂಗ್ ಮಷಿನ್, ಅಂದರೆ ಕೂದಲನ್ನು ಬಿಸಿಯಾಗಿ ಒತ್ತಿ ನೆರಿಗೆ ಹಿಡಿಸುವ ಇಕ್ಕಳ, ಇಸಿದುಕೊಂಡೆ.

ಎರಡು ದಿನ ಮೊದಲೇ ಒಮ್ಮೆ ಮಾಡಿ ನೋಡಿದ್ದು ಒಳ್ಳೆಯದಾಯಿತು. ತಲೆ ತೊಳೆದು, ಮೇಲೆ ಒಣಗಿದಂತೆ ಕಂಡಿತೆಂದು ಮಷಿನ್ ಒತ್ತಿದೆ. ಒಗ್ಗರಣೆಗೆ ಸಾಸಿವೆ ಬಿದ್ದಂತೆ ಚುರ್ ಎಂದಿತು. "ಏನು ಸುಡುತ್ತಿದ್ದೀಯವ್ವಾ?" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು. ಕೂದಲೆಳೆಯ ಒಳಗಿನ ನೀರು ಥಟ್ಟನೆ ಆವಿಯಾದರೆ ಎಳೆಯಲ್ಲೇ ಗುಳ್ಳೆಯೇಳುತ್ತದೆ, ಆಮೇಲೆ ಅಲ್ಲಿಗೇ ತುಂಡಾಗುತ್ತದೆ. ಕಿವಿಯ ಹಿಂದಿನ ಆ ಎಳೆಗಳು ಇಂದಿಗೂ ಗಿಡ್ಡವಾಗಿಯೇ ಇವೆ.

ಸಂಜೆ, ಪೂರ್ತಿ ಒಣಗಿದ ಮೇಲೆ, ಮತ್ತೆ ಕುಳಿತೆ. ಎರಡು ಬೆರಳಗಲದ ತೆಳು ಪದರ, ಬುಡದಿಂದ ಒಂದು ಇಂಚು ಬಿಟ್ಟು, ಐದು ಎಣಿಸುವವರೆಗೆ ಒತ್ತುವುದು. ಹಿಂದಿನ ಕೊನೆಯ ನೆರಿಗೆಯ ಮೇಲೆಯೇ ಮುಂದಿನದನ್ನು ಕೂರಿಸುವುದು, ಇಲ್ಲದಿದ್ದರೆ ನಡುವೆ ಬೋಳು ಪಟ್ಟಿ ಉಳಿಯುತ್ತದೆ. ಶಾಖ 160 ಡಿಗ್ರಿಯೇ ಸಾಕಾಯಿತು. ಆದರೆ ಸೊಂಟದವರೆಗಿನ ಕೂದಲಿಗೆ ಒಂದು ಪದರಕ್ಕೇ 15 ಸಲ ಒತ್ತಬೇಕು. ಅಂಥ 30 ಪದರ. ಎಡಭಾಗ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವಿದೆ. ನಾನು ಮಾತ್ರ ಅರ್ಧ ತಲೆ ನೆರಿಗೆ, ಅರ್ಧ ತಲೆ ನೆಟ್ಟಗೆ ಮಾಡಿಕೊಂಡು ಕತ್ತಲಲ್ಲಿ ಕುಳಿತಿದ್ದೆ.

ಹಾಗಾಗಿ ನಿಶ್ಚಿತಾರ್ಥಕ್ಕೆ ಜಡೆಯ ದಾರಿ ಹಿಡಿದೆ. ಹಿಂದಿನ ದಿನ ಮಧ್ಯಾಹ್ನ ತಲೆ ತೊಳೆದೆ. ನಮ್ಮ ಬೋರ್‌ವೆಲ್ ನೀರು ಗಡಸು, ಕೂದಲು ಒರಟಾಗುತ್ತದೆ. ಕೊನೆಯ ಎರಡು ತಂಬಿಗೆ ಕುಡಿಯುವ ನೀರನ್ನೇ ಹಾಕಿಕೊಂಡೆ. ಎಣ್ಣೆ ಮುಟ್ಟಲಿಲ್ಲ, ಎಣ್ಣೆಗೂದಲಲ್ಲಿ ನೆರಿಗೆ ಜಾರಿಹೋಗುತ್ತದೆ. ಒದ್ದೆ ಹೋಗಿ ತಂಪು ಮಾತ್ರ ಉಳಿದಾಗ, ನೆಗೆಣ್ಣಿಯನ್ನು ಹಿಂದೆ ಕೂರಿಸಿಕೊಂಡು 22 ಸಣ್ಣ ಜಡೆ ಹಾಕಿಸಿಕೊಂಡೆ. ಬುಡದಿಂದಲೇ ಬಿಗಿಯಾಗಿ ಹೆಣೆಯಬೇಕು. ಅವಳು ಮೊದಲ ನಾಲ್ಕನ್ನು ಸಡಿಲ ಹೆಣೆದಿದ್ದಳು, ಬಿಚ್ಚಿಸಿದೆ. ಮುನಿಸಿಕೊಂಡಳು, ಚಹಾ ಮಾಡಿಕೊಟ್ಟ ಮೇಲೆ ಸರಿಹೋದಳು. ತುದಿಯನ್ನು ಹಾಗೇ ಬಿಟ್ಟರೆ ಕಸಬರಿಗೆಯಂತೆ ನೆಟ್ಟಗೆ ನಿಲ್ಲುತ್ತದೆ, ಅದಕ್ಕೆ ತುದಿಯನ್ನು ಮೇಲಕ್ಕೆ ಮಡಚಿ ಹತ್ತಿಯ ದಾರದಿಂದ ಕಟ್ಟಿದೆವು. ರಬ್ಬರ್ ಬ್ಯಾಂಡ್ ಬಿಚ್ಚುವಾಗ ನಾಲ್ಕು ಕೂದಲು ಕಿತ್ತುಕೊಂಡೇ ಬರುತ್ತದೆ.

ಒದ್ದೆಯಾದಾಗ ಕೂದಲಿನೊಳಗಿನ ಸಣ್ಣ ಬಂಧಗಳು ಸಡಿಲಗೊಳ್ಳುತ್ತವೆ, ಒಣಗುವಾಗ ಇದ್ದ ಆಕಾರದಲ್ಲೇ ಮತ್ತೆ ಬಿಗಿಯುತ್ತವೆ. ಜಡೆಯ ಒಳಗೆ ತುಸು ತೇವ ಉಳಿದಿದ್ದರೂ ಬಿಚ್ಚಿದ ಅರ್ಧ ತಾಸಿಗೆ ನೆರಿಗೆ ಇಳಿದುಹೋಗುತ್ತದೆ. ಆ ಕೆಲಸಕ್ಕೆ ನಮ್ಮೂರಿನ ಮೇ ತಿಂಗಳ ಒಣ ಸೆಕೆಗಿಂತ ಒಳ್ಳೆಯ ಯಂತ್ರವಿಲ್ಲ; ರಾತ್ರಿ ಮಾಳಿಗೆಯ ಮೇಲೆ ಮಲಗಿದೆ, ಬೆಳಿಗ್ಗೆಗೆ ಜಡೆಗಳು ಗರಿಗರಿ. ಮಳೆಗಾಲದಲ್ಲಿ ಇದೇ ಕೆಲಸ ಒಂದೂವರೆ ದಿನ ಹಿಡಿದದ್ದೂ ಇದೆ.

ಬಿಚ್ಚಿದ್ದು ತುದಿಯಿಂದ, ಬೆರಳಲ್ಲಿ. ಹಣಿಗೆ ಹಾಕಿದರೆ ನೆರಿಗೆಯೆಲ್ಲ ಉಬ್ಬಿ ಕರಡಿಯ ಮೈಯಾಗುತ್ತದೆ. ಮಷಿನ್ ಬಳಸಿದ್ದು ಒಂದೇ ಕಡೆ: ನೆತ್ತಿಯ ಹಿಂದೆ, ಹೊರಗೆ ಕಾಣದ ಒಳಪದರಕ್ಕೆ, ನಾಲ್ಕು ಸಲ. ಮದುಮಗಳಿಗೆ ತುರುಬು ಕಟ್ಟುವವರೂ ಒಳಗೆ ಹೀಗೇ ಕ್ರಿಂಪ್ ಮಾಡುತ್ತಾರೆ. ಕೂದಲು ಎದ್ದು ನಿಲ್ಲುತ್ತದೆ, ಪಿನ್ನಿಗೆ ಹಿಡಿತ ಸಿಗುತ್ತದೆ.

ಮಾನ್ವಿಯಲ್ಲಿ ಊಟ ಮುಗಿದು, ಎಲೆ ಅಡಿಕೆ ಹಾಕಿಕೊಂಡು, ಸಂಜೆ ಬಸ್ಸಿನ ನೂಕುನುಗ್ಗಲಲ್ಲಿ ರಾಯಚೂರಿಗೆ ಬಂದಿಳಿದಾಗ ಹಿಂದೆ ಕೈಯಾಡಿಸಿ ನೋಡಿದೆ. ಮಲ್ಲಿಗೆ ಬಾಡಿತ್ತು, ಇಟ್ಟ ಜಾಗದಲ್ಲೇ ಇತ್ತು.