220 ಸೀಟು, ನಾಲ್ಕು ಜ್ವರ

ಶಿಡ್ಲಘಟ್ಟದಲ್ಲಿ ನಾನು ನರ್ಸ್ ಆಗಿ ಹತ್ತೊಂಬತ್ತು ವರ್ಷವಾಯಿತು. ಆಗಬೇಕೆಂದಿದ್ದದ್ದು ಸೇನೆಯ ನರ್ಸ್. ಪಿಯುಸಿಯಲ್ಲಿ ಭೌತಶಾಸ್ತ್ರ ನಾಲ್ಕು ಅಂಕದಲ್ಲಿ ಹೋಯಿತು. ಪೂರಕ ಪರೀಕ್ಷೆಯಲ್ಲಿ ಪಾಸಾಗಿ ಅರ್ಜಿ ತುಂಬಲು ಕುಳಿತಾಗ ‘ಮೊದಲ ಪ್ರಯತ್ನದಲ್ಲೇ ತೇರ್ಗಡೆ’ ಎಂಬ ಸಾಲು ಕಣ್ಣಿಗೆ ಬಿತ್ತು. ಅರ್ಜಿಯನ್ನು ಮಡಚಿಟ್ಟೆ.

ಅಕ್ಕನ ಮಗಳು ಅದೇ ದಾರಿ ಹಿಡಿಯುತ್ತೇನೆ ಎಂದಾಗ ನಾನು ಮೊದಲು ಹೇಳಿದ್ದು ಇದನ್ನೇ. ಈಗ ಪಿಯುಸಿಗೆ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದಕ್ಕಿಂತ ಹೆಚ್ಚಿವೆ. ‘ಒಂದು ವಿಷಯ ಹೋದರೆ ಎರಡರಲ್ಲಿ ನೋಡಿಕೊಳ್ಳೋಣ’ ಎಂಬ ಧೈರ್ಯ ಬೇರೆಯವರಿಗಿರಲಿ, ನಿಮಗೆ ಬೇಡ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಸೇರಿ ಶೇ 50 ಅಂಕ ಬೇಕು, ಅದೂ ರೆಗ್ಯುಲರ್ ವಿದ್ಯಾರ್ಥಿನಿಯಾಗಿ ಮೊದಲ ಸಲಕ್ಕೇ.

ಸೇನಾಪಡೆಗಳ ನರ್ಸಿಂಗ್ ಕಾಲೇಜುಗಳ ಸೀಟುಗಳ ಲೆಕ್ಕ ಹೇಳುತ್ತೇನೆ. ಪುಣೆ, ಮುಂಬೈ, ಲಖನೌ, ಬೆಂಗಳೂರುಗಳಲ್ಲಿ ತಲಾ 40, ಕೋಲ್ಕತ್ತ ಮತ್ತು ದೆಹಲಿಯಲ್ಲಿ ತಲಾ 30. ಇಡೀ ದೇಶದ ಹೆಣ್ಣುಮಕ್ಕಳಿಗೆ ಇಷ್ಟೇ. ನಾಲ್ಕು ವರ್ಷದ ಬಿ.ಎಸ್ಸಿ ನರ್ಸಿಂಗ್ ಮುಗಿಸಿದವರು ಲೆಫ್ಟಿನೆಂಟ್ ಆಗಿ ಹೊರಬರುತ್ತಾರೆ. ಊಟ, ವಸತಿ ಸರ್ಕಾರದ್ದು. ಬದಲಿಗೆ ಸೇವೆ ಸಲ್ಲಿಸುವ ಕರಾರುಪತ್ರಕ್ಕೆ ಸಹಿ ಹಾಕಬೇಕು. 2022ರಿಂದ ಆಯ್ಕೆಗೆ ನೀಟ್ ಅಂಕವೇ ಮೊದಲ ಜರಡಿ. ನೀಟ್ ಬರೆದು ಸುಮ್ಮನೆ ಕೂತರೆ ಯಾರೂ ಕರೆಯುವುದಿಲ್ಲ. ಫಲಿತಾಂಶ ಬಂದ ಮೇಲೆ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ (ಎಂಸಿಸಿ) ಜಾಲತಾಣದಲ್ಲಿ ಇದಕ್ಕೆಂದೇ ನೋಂದಾಯಿಸಬೇಕು.

ನಮ್ಮ ಕಡೆಯ ಹುಡುಗಿಯರು ಎಡವುವುದು ಅದರಾಚೆ. ನೀಟನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಆಯ್ದವರಿಗೆ ಸಾಮಾನ್ಯ ಬುದ್ಧಿಮತ್ತೆ ಮತ್ತು ಇಂಗ್ಲಿಷಿನ ಕಂಪ್ಯೂಟರ್ ಪರೀಕ್ಷೆ, ಮನಃಶಾಸ್ತ್ರೀಯ ಪರೀಕ್ಷೆ, ಆಮೇಲೆ ಸಂದರ್ಶನ ಇರುತ್ತವೆ. ಕೊನೆಯ ಪಟ್ಟಿ ನೀಟ್ ಅಂಕವೊಂದರಿಂದಲೇ ಆಗುವುದಿಲ್ಲ. ನಮ್ಮ ಹುಡುಗಿ ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದವಳು. ಜೀವಕೋಶದ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಪುಟ ಬರೆಯುತ್ತಿದ್ದಳು, ‘ಮನೆಯಲ್ಲಿ ಯಾರ‍್ಯಾರಿದ್ದೀರಿ’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ನೆಲ ನೋಡುತ್ತಿದ್ದಳು.

ಬೆಂಗಳೂರಿನ ತರಬೇತಿಗೆ ಹಣವಿರಲಿಲ್ಲ. ಹಾಗಾಗಿ ಸಂಜೆ ರೇಷ್ಮೆಹುಳಕ್ಕೆ ಸೊಪ್ಪು ಹಾಕುವಾಗ ಅಲ್ಲೇ ನಿಂತು, ‘ಈಗ ಏನು ಮಾಡುತ್ತಿದ್ದೀಯ, ಏಕೆ, ಇಂಗ್ಲಿಷಿನಲ್ಲಿ ಹೇಳು’ ಎನ್ನುತ್ತಿದ್ದೆ. ಹುಳುಮನೆಗೆ ಕಾಲಿಡುವ ಮುನ್ನ ಕೈಕಾಲು ತೊಳೆಯುವುದು, ಬೆಳೆ ಎದ್ದ ಮೇಲೆ ಬ್ಲೀಚಿಂಗ್ ಪುಡಿಯಿಂದ ಶುದ್ಧಿ ಮಾಡುವುದು, ಸತ್ತ ಹುಳವನ್ನು ಬರಿಗೈಯಲ್ಲಿ ಮುಟ್ಟದೆ ಬೇರೆ ತೆಗೆಯುವುದು ಅವಳಿಗೆ ಹುಟ್ಟಿನಿಂದ ಗೊತ್ತು. ಇದೇ ವಾರ್ಡಿನ ಪಾಠವೂ ಅಲ್ಲವೇ? ಸಂದರ್ಶನದಲ್ಲಿ ಅಪ್ಪನ ಕೆಲಸ ಕೇಳಿದರಂತೆ. ರೇಷ್ಮೆಹುಳ ಪೊರೆ ಬಿಡುವುದನ್ನು ನಾವು ಜ್ವರ ಎನ್ನುತ್ತೇವೆ, ನಾಲ್ಕು ಜ್ವರ ದಾಟಿದರೆ ಮಾತ್ರ ಗೂಡು ಎಂದಳಂತೆ. ಕೇಳಿದವರು ಪೆನ್ನು ಕೆಳಗಿಟ್ಟು ಮತ್ತೆರಡು ಪ್ರಶ್ನೆ ಕೇಳಿದರಂತೆ. ನೀವು ಮಾವು ಬೆಳೆಯುವವರಾದರೆ ಮಾವಿನ ಮಾತು ಕಲಿಯಿರಿ. ಬಾಯಿಪಾಠದ ‘ದೇಶಸೇವೆಯೇ ನನ್ನ ಕನಸು’ ಬೇಡ, ಅದನ್ನು ಅವರು ದಿನವಿಡೀ ಕೇಳಿರುತ್ತಾರೆ.

ದೇಹದ ವಿಚಾರ. ಎತ್ತರ 152 ಸೆಂಟಿಮೀಟರ್ ಇದೆಯೇ ಎಂದು ಗೋಡೆಗೆ ನಿಲ್ಲಿಸಿ ಈಗಲೇ ಅಳೆಯಿರಿ. ರಕ್ತಪರೀಕ್ಷೆಯನ್ನು ಆರು ತಿಂಗಳು ಮೊದಲೇ ಮಾಡಿಸಿ. ನಮ್ಮ ಹುಡುಗಿಗೆ ಹಿಮೋಗ್ಲೋಬಿನ್ 9.4 ಇತ್ತು, ಮಾತ್ರೆ, ಸೊಪ್ಪಿನ ಸಾರು, ರಾಗಿಮುದ್ದೆ ಎಲ್ಲ ಸೇರಿ ಮೇಲೇರಲು ನಾಲ್ಕು ತಿಂಗಳು ಹಿಡಿಯಿತು. ನಮ್ಮ ಕೊಳವೆಬಾವಿಗಳ ಫ್ಲೋರೈಡ್ ನೀರು ಕುಡಿದು ಬೆಳೆದವರು ಹಲ್ಲನ್ನೂ ಒಮ್ಮೆ ತೋರಿಸಿಕೊಳ್ಳಲಿ. ಕಿವಿಯ ಗುಗ್ಗೆ ತೆಗೆಸಿ. ನಗಬೇಡಿ, ಕಿವಿಯೊಳಗೆ ಕಾಣದಿದ್ದರೆ ವೈದ್ಯರು ಮುಂದಕ್ಕೆ ಬಿಡುವುದಿಲ್ಲ.

ಕಾಗದಪತ್ರದಲ್ಲಿ ಒಂದೇ ಮಾತು: ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ನೀಟ್ ಅರ್ಜಿಗೆ ಮೊದಲೇ ಸರಿಪಡಿಸಿ.

ಮದುವೆಯಾದವರಿಗೆ ಈ ಬಿ.ಎಸ್ಸಿ ಪ್ರವೇಶವಿಲ್ಲ. ಸೇವೆಗೆ ಸೇರಿದ ಮೇಲೂ ಮದುವೆ ಆಗಬಾರದಂತೆ ಎಂದು ಅಕ್ಕ ಹೆದರಿದ್ದಳು. ಆ ಹೆದರಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಮದುವೆಯಾದಳೆಂದು 1988ರಲ್ಲಿ ಮನೆಗೆ ಕಳುಹಿಸಿದ್ದ ಮಿಲಿಟರಿ ನರ್ಸಿಂಗ್ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಸುದ್ದಿಯನ್ನು ಅಕ್ಕನಿಗೆ ಎರಡು ಸಲ ಓದಿ ಹೇಳಿದೆ.

ಇಷ್ಟೆಲ್ಲ ಮಾಡಿಯೂ ಕೊನೆಯ ಪಟ್ಟಿಯಲ್ಲಿ ನಮ್ಮ ಹುಡುಗಿಯ ಹೆಸರು ಬರಲಿಲ್ಲ. ಅದಕ್ಕೇ ಹೇಳುತ್ತೇನೆ, ಸಿಇಟಿಯನ್ನೂ ಬರೆಯಿರಿ. ಅವಳೂ ಬರೆದಿದ್ದರಿಂದ ಅದೇ ವರ್ಷ ಇಲ್ಲೇ ಬಿ.ಎಸ್ಸಿ ನರ್ಸಿಂಗ್ ಸೇರಿದಳು. ಪದವಿ ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿದವರಿಗೆ ಕೆಲವು ವರ್ಷಗಳ ಮಟ್ಟಿಗೆ ಸೇನೆಯ ನರ್ಸಿಂಗ್ ಅಧಿಕಾರಿಯಾಗುವ ಅಲ್ಪಾವಧಿ ಕಮಿಷನ್ ಎಂಬ ಇನ್ನೊಂದು ಬಾಗಿಲಿದೆ. 2024ರ ಜನವರಿಯಲ್ಲಿ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸಿದ ಆ ಪರೀಕ್ಷೆಗೆ ವಯಸ್ಸು 21ರಿಂದ 35. ವಿಷಯಗಳು ನರ್ಸಿಂಗ್, ಇಂಗ್ಲಿಷ್, ಸಾಮಾನ್ಯ ಬುದ್ಧಿಮತ್ತೆ. ಜಿಎನ್ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾತ್ರ ಓದಿದವರಿಗೆ ಅದು ಸಾಲದು, ಡಿಪ್ಲೊಮಾದ ನಂತರದ ಪದವಿಯಾದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮುಗಿಸಬೇಕು.

ಈ ವಾರ ಮನೆಯಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುತ್ತಿದೆ. ಬೆಳಿಗ್ಗೆ ಐದರಿಂದ ಏಳರವರೆಗೆ ಅವಳನ್ನು ಚಂದ್ರಿಕೆಯ, ಅಂದರೆ ಹುಳ ಗೂಡು ಕಟ್ಟುವ ತಟ್ಟೆಯ, ಕೆಲಸಕ್ಕೆ ಕರೆಯಬಾರದೆಂದು ಭಾವನಿಗೆ ಹೇಳಿಟ್ಟಿದ್ದೇನೆ.