ಗಂಬೂಟು ಕಾಲದ ಉಗುರು ಫಂಗಸ್: ತಡೆಯೋದು ಹೇಗೆ, ವಾಸಿ ಮಾಡೋದು ಹೇಗೆ

ಜೂನ್‌ನಲ್ಲಿ ಗಂಬೂಟಿಗೆ ಕಾಲು ತೂರಿಸಿದರೆ ಸೆಪ್ಟೆಂಬರ್‌ವರೆಗೆ ಬಿಡುಗಡೆ ಇಲ್ಲ. ತೋಟದಲ್ಲಿ ಕೆಸರು, ಗದ್ದೆಯಲ್ಲಿ ನೀರು, ಜಿಗಣೆ ಕಾಟ ಬೇರೆ. ಬೂಟು ಮಳೆಯನ್ನು ತಡೆಯುತ್ತದೆ ನಿಜ, ಆದರೆ ಬೆವರನ್ನೂ ಒಳಗೇ ಇಟ್ಟುಕೊಳ್ಳುತ್ತದೆ. ಫಂಗಸ್‌ಗೆ ಬೇಕಾಗಿರುವುದೂ ಅದೇ.

ನನ್ನ ಹೆಬ್ಬೆರಳಿನ ಉಗುರು ಹಳದಿಯಾದಾಗ ಬೂಟು ಒತ್ತಿ ಹೀಗಾಗಿದೆ ಅಂದುಕೊಂಡು ಎರಡು ಮಳೆಗಾಲ ಸುಮ್ನೆ ಕಳೆದೆ. ಉಗುರು ದಪ್ಪಗಾಯಿತು, ತುದಿ ಪುಡಿಪುಡಿಯಾಗಿ ಉದುರಿತು, ಆಮೇಲೆ ಪಕ್ಕದ ಬೆರಳಿಗೂ ಹತ್ತಿತು. ಇದು ಉಗುರುಸುತ್ತು ಅಲ್ಲ. ಅದರಲ್ಲಿ ಉಗುರಿನ ಬದಿ ಊದಿ, ಕೀವಾಗಿ ಸಿಡಿಯುತ್ತದೆ. ಇದು ಶುರುವಿನಲ್ಲಿ ನೋಯುವುದೇ ಕಡಿಮೆ, ಅದಕ್ಕೇ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ.

ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಕಾಲಿಗೆ ರಕ್ತ ಸರಿಯಾಗಿ ಹರಿಯದವರಿಗೆ, ಸಿಗರೇಟು ಸೇದುವವರಿಗೆ ಇದು ಬರುವುದು ಜಾಸ್ತಿ. ಬಿಗಿ ಶೂ ತೊಟ್ಟು ಹಾಕಿ ಆಟ ಆಡಿ ಉಗುರಿಗೆ ಪೆಟ್ಟು ಮಾಡಿಕೊಳ್ಳುವ ನಮ್ಮ ಹುಡುಗರೂ ಈ ಪಟ್ಟಿಯಲ್ಲಿದ್ದಾರೆ. ಎಷ್ಟೋ ಸಲ ಇದು ಶುರುವಾಗುವುದು ಬೆರಳ ಸಂದಿಯಿಂದ. ಅಲ್ಲಿ ತುರಿಕೆ, ಬಿಳಿ ಸಿಪ್ಪೆ ಕಂಡ ತಕ್ಷಣ ಮುಲಾಮು ಹಚ್ಚಿ ವಾಸಿ ಮಾಡಿಕೊಂಡರೆ ಉಗುರು ಉಳಿಯುತ್ತದೆ. ಆದರೆ ಮೆಡಿಕಲ್‌ನಲ್ಲಿ ಕೇಳದೆಯೇ ಕೊಡುವ ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಬೇಡ. ತುರಿಕೆ ನಿಲ್ಲುತ್ತದೆ, ಫಂಗಸ್ ಹಬ್ಬುತ್ತದೆ.

ತಡೆಯಲು ದೊಡ್ಡ ಖರ್ಚೇನಿಲ್ಲ. ಎರಡು ಜೊತೆ ಬೂಟು ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಒದ್ದೆ ಬೂಟಿಗೆ ರಾತ್ರಿ ಹಳೇ ಪೇಪರ್ ತುರುಕಿಡಿ, ಒಳಗಿನ ಇನ್‌ಸೋಲ್ ತೆಗೆದು ಬೇರೆಯಾಗಿ ಒಣಗಿಸಿ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ನಮ್ಮ ಕೊಡಗಿನ ಮಳೆ ತಿಂಗಳಲ್ಲಿ, ಬಿಸಿಲು ಎಲ್ಲಿಂದ ಬರಬೇಕು, ಅಲ್ವಾ? ಸಾಕ್ಸನ್ನು ಒಲೆ ಹತ್ತಿರದ ಹಗ್ಗಕ್ಕೇ ಹಾಕಬೇಕು. ಮಧ್ಯಾಹ್ನ ಊಟಕ್ಕೆ ಬಂದಾಗ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸಿ, ಒಣ ಸಾಕ್ಸ್ ಹಾಕಿ. ಮನೆಮಂದಿಗೆಲ್ಲ ಒಂದೇ ನೇಲ್ ಕಟ್ಟರ್ ಬೇಡ.

ಚಿಕಿತ್ಸೆಗೆ ಮೊದಲು ಪರೀಕ್ಷೆ. ಕೆಟ್ಟು ದಪ್ಪಗಾದ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಫಂಗಸ್ ಕಾರಣ. ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ, ಹಳೇ ಪೆಟ್ಟು ಕೂಡ ಹಾಗೇ ಕಾಣುತ್ತವೆ. ಚರ್ಮದ ಡಾಕ್ಟರು ಉಗುರಿನ ಚೂರು ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ. ಸ್ವಲ್ಪವೇ ಹಿಡಿದಿದ್ದರೆ ಅಮೊರಾಲ್ಫಿನ್ 5% ಲ್ಯಾಕರ್ (ನೇಲ್ ಪಾಲಿಶ್ ಥರ ಉಗುರಿಗೆ ಹಚ್ಚುವ ಔಷಧಿ) ಸಾಕಾಗಬಹುದು. ವಾರಕ್ಕೆ ಒಂದೆರಡು ಸಲ, ತಿಂಗಳುಗಟ್ಟಲೆ ಹಚ್ಚಬೇಕು. ಬುಡದವರೆಗೆ ಹೋಗಿದ್ದರೆ ಮಾತ್ರೆಯೇ ಬೇಕು. ಸಾಮಾನ್ಯವಾಗಿ ಕೊಡುವುದು ಟರ್ಬಿನಾಫಿನ್ 250 ಮಿ.ಗ್ರಾಂ, ದಿನಕ್ಕೊಂದು, 12 ವಾರ. ಇದು ಲಿವರ್‌ಗೆ ತೊಂದರೆ ಮಾಡುವ ಸಾಧ್ಯತೆ ಇರುವುದರಿಂದ ಮೊದಲು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಬೇರೆ ಮಾತ್ರೆ ತಗೊಳ್ಳುತ್ತಿದ್ದರೆ, ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡದೆ ಹೇಳಿ.

ಸಕ್ಕರೆ ಕಾಯಿಲೆ ಇರುವವರು ಬ್ಲೇಡು, ಚಾಕು ಹಿಡಿದು ಉಗುರು ಕೆರೆಯಲು ಹೋಗಲೇಬೇಡಿ. ಸಣ್ಣ ಗಾಯವೂ ಕಾಲಿಗೆ ಕಂಟಕ. ಉಗುರಿನ ಕೆಳಗೆ ಹೊಸದಾಗಿ ಕಪ್ಪು ಗೆರೆ ಕಂಡರೆ ಯಾರೇ ಆಗಲಿ ಬೇಗ ತೋರಿಸಿ, ಅದು ಅಪರೂಪಕ್ಕೆ ಕ್ಯಾನ್ಸರ್ ಆಗಿರುತ್ತದೆ.

ಮಾತ್ರೆ ಮುಗಿದ ದಿನ ಉಗುರು ಹಳೇ ಥರವೇ ಇರುತ್ತದೆ, ಗಾಬರಿಯಾಗಬೇಡಿ. ಕಾಲಿನ ಉಗುರು ಬೆಳೆಯುವುದು ತಿಂಗಳಿಗೆ ಒಂದೂವರೆ ಮಿಲಿಮೀಟರ್ ಅಷ್ಟೇ, ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ನಾನು ಅಕ್ಟೋಬರ್‌ನಲ್ಲಿ ಶುರು ಮಾಡಿದೆ. ಮುಂದಿನ ಕಕ್ಕಡಕ್ಕೆ ಮುಕ್ಕಾಲು ಭಾಗ ಒಳ್ಳೆ ಉಗುರು, ತುದಿಯಲ್ಲಿ ಮಾತ್ರ ಹಳದಿ. ಅಷ್ಟರಲ್ಲಿ ಹಳೇ ಇನ್‌ಸೋಲ್ ಎಸೆದು ಹೊಸದು ತಂದಿದ್ದೆ.